ರಾರಾವಿಯ ತೂತು ತಂಬಿಗೆ

ಹೋದ ವಾರ ನಮ್ಮೂರಿನ ಬ್ರೂಸ್‌ಪೇಟೆಯಲ್ಲಿ ಹಳೇ ಹಿತ್ತಾಳೆ ಮಾರುವ ಅಂಗಡಿಗೆ ಹೋಗಿದ್ದೆ. ನಮ್ಮ ಹಂಡೆಗೆ ಮುಚ್ಚಳ ಬೇಕಿತ್ತು. ಮುಚ್ಚಳ ಸಿಗಲಿಲ್ಲ. ಅಂಗಡಿಯವನು ಸಾಮಾನಿನ ಗುಡ್ಡೆ ಕೆದಕುತ್ತಿದ್ದಾಗ ಒಂದು ತಂಬಿಗೆ ಉರುಳಿಕೊಂಡು ಬಂದು ನನ್ನ ಕಾಲ ಬಳಿ ನಿಂತಿತು. ಎತ್ತಿ ಒಳಗೆ ನೋಡಿದೆ. ತಳದಲ್ಲಿ ಒಂದು ಚುಕ್ಕೆ ಬೆಳಕು. ಯಾರೋ ಮೊಳೆ ಹೊಡೆದು ಮಾಡಿದ ತೂತು.

"ತೂತು ಐತ್ರಿ ಅದು. ಬೇಕಂದ್ರ ಬೆಸುಗಿ ಹಾಕಿಸಿ ಕೊಡ್ತೀನಿ," ಎಂದ ಅಂಗಡಿಯವನು.

ಬೇಡ, ಹಾಗೇ ಕೊಡು ಎಂದೆ. ತಲೆ ಕೆಟ್ಟ ಮುದುಕ ಎನ್ನುವಂತೆ ನನ್ನನ್ನು ನೋಡಿದ. ನೋಡಲಿ. ಅದು ರಾರಾವಿಯ ತಂಬಿಗೆ ಅಲ್ಲ ಎಂದು ತಿಳಿಯುವಷ್ಟು ಬುದ್ಧಿ ನನಗಿನ್ನೂ ಇದೆ. ಆದರೂ ಅದನ್ನು ಕೈಯಲ್ಲಿ ಹಿಡಿದು ಅಂಗಡಿಯ ಮೆಟ್ಟಿಲಿನ ಮೇಲೆ ಸ್ವಲ್ಪ ಹೊತ್ತು ಕೂತುಬಿಟ್ಟೆ...

ಆ ಅಂಗಡಿಯ ಹಿಂದಿನ ಓಣಿಯಲ್ಲೇ ನಮ್ಮ ಪ್ರೆಸ್ಸು ಇತ್ತು. ಅರವತ್ತರ ದಶಕದ ಕೊನೆಯ ವರ್ಷಗಳು. ನಾನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸದಲ್ಲಿದ್ದೆ. ಮದುವೆಯಾಗಿ ಎರಡು ವರ್ಷವಾಗಿತ್ತು, ತೊಟ್ಟಿಲಲ್ಲಿ ಹೆಣ್ಣುಮಗು ಇತ್ತು. ಸಿರುಗುಪ್ಪದ ಕಡೆಯ ಗದ್ದೆಗಳಿಗೆ ಹೊಸ ಗಿಡ್ಡ ತಳಿಯ ಭತ್ತ ಬಂದ ಕಾಲ ಅದು. ಭತ್ತದ ಬೀಜ ಫಿಲಿಪೈನ್ಸ್ ದೇಶದ್ದು. ಅದರ ಹಿಂದೆಯೇ ಆ ದೇಶದ ಒಬ್ಬ ಹುಡುಗನೂ ಬಂದ. ಇಪ್ಪತ್ನಾಲ್ಕು ವರ್ಷ ಇದ್ದೀತು. ಓದು ಬಾರದ ರೈತರಿಗೆ ಹೊಸ ಬೇಸಾಯವನ್ನು ಚಿತ್ರದಲ್ಲಿ ತೋರಿಸುವ ಗೋಡೆ ಹಾಳೆಗಳನ್ನು ಮಾಡುವುದು ಅವನ ಕೆಲಸ. ಬೇಸಾಯದ ಕಚೇರಿಯವರು ಅವನನ್ನು ನಮ್ಮ ಪ್ರೆಸ್ಸಿಗೆ ತಂದು ಬಿಟ್ಟರು. ಅವನ ಹೆಸರು ನಮ್ಮ ನಾಲಿಗೆಗೆ ಹತ್ತಲಿಲ್ಲ. ಎಲ್ಲರೂ ಚಿತ್ರದಪ್ಪ ಎಂದು ಕರೆಯತೊಡಗಿದೆವು.

ಒಂದು ಲಿಂಗಾಯತರ ಮನೆಯ ಮಾಳಿಗೆಯಲ್ಲಿ ಅವನಿಗೆ ಕೋಣೆ ಸಿಕ್ಕಿತ್ತು. ಮೂರು ಹೊತ್ತೂ ಅನ್ನ ಉಣ್ಣುವ ಪ್ರಾಣಿ. ಮೊದಲ ದಿನ ಮನೆಯ ಅಮ್ಮ ಖಡಕ್ ಜೋಳದ ರೊಟ್ಟಿಯ ಮೇಲೆ ಪಲ್ಯ ಹಾಕಿ ಕೊಟ್ಟರೆ, ಪಲ್ಯ ತಿಂದು ರೊಟ್ಟಿಯನ್ನು ತಟ್ಟೆಯೆಂದು ವಾಪಸು ಕೊಟ್ಟನಂತೆ. ಊರಿನಿಂದ ಪೆಟ್ಟಿಗೆಯಲ್ಲಿ ಒಣಮೀನು ತಂದಿದ್ದ. ಆ ಅಮ್ಮ ಎರಡು ದಿನ ಸತ್ತ ಇಲಿಗಾಗಿ ಮನೆಯೆಲ್ಲ ಹುಡುಕಿದರು. ಮೂರನೆಯ ದಿನ ಇವನೇ ಒಪ್ಪಿಕೊಂಡು, ಮೀನನ್ನು ನಮ್ಮ ಪ್ರೆಸ್ಸಿಗೆ ತಂದು ಕಾಗದದ ಕಟ್ಟುಗಳ ಹಿಂದೆ ಇಟ್ಟ. ಆ ತಿಂಗಳು ಅಚ್ಚಾದ ಮದುವೆ ಕರೆಯೋಲೆಗಳು ಯಾವ ವಾಸನೆ ಹೊತ್ತು ಯಾರ ಮನೆಗೆ ಹೋದವೋ ದೇವರೇ ಬಲ್ಲ.

ಹೌದು ಎನ್ನುವುದಕ್ಕೆ ಅವನು ಹುಬ್ಬು ಹಾರಿಸುತ್ತಿದ್ದ, ಅಷ್ಟೇ. ಮಾತಿಲ್ಲ. ದಾರಿ ತೋರಿಸಬೇಕಾದರೆ ಬೆರಳು ಎತ್ತದೆ ತುಟಿ ಮುಂದೆ ಚಾಚುತ್ತಿದ್ದ. ಅವರ ದೇಶದಲ್ಲಿ ಹಾಗೆಯೇ ಅಂತೆ. ಒಮ್ಮೆ ನೀರಿಗೆ ಬಂದ ಹೆಣ್ಣುಮಕ್ಕಳು ಯಾವುದೋ ಮನೆ ಕೇಳಿದಾಗ ಇವನು ತುಟಿ ಚಾಚಿ, ಹುಬ್ಬನ್ನೂ ಹಾರಿಸಿದ್ದಾನೆ. ಅವತ್ತು ನಾನು ಓಡಿಹೋಗಿ ನಡುವೆ ನಿಲ್ಲದಿದ್ದರೆ ಕೊಡಗಳೆಲ್ಲ ಅವನ ತಲೆಯ ಮೇಲೆ ಒಡೆಯುತ್ತಿದ್ದವು. ಭಾನುವಾರ ಚರ್ಚಿಗೆ ಹೋಗುತ್ತಿದ್ದ, ಬಂದು ತಾಯಿಗೆ ಕಾಗದ ಬರೆಯುತ್ತಿದ್ದ. ಅವನ ಇಂಗ್ಲಿಷು ಅರ್ಧ, ನನ್ನದು ಕಾಲು. ಉಳಿದದ್ದನ್ನು ಚಹಾದಂಗಡಿಯಲ್ಲಿ ಕಲಿತ ತೆಲುಗು ಕನ್ನಡಗಳಲ್ಲಿ ಹೇಗೋ ತುಂಬಿಸಿಕೊಳ್ಳುತ್ತಿದ್ದೆವು. ಸಾಕು ಎನ್ನುವುದಕ್ಕೆ ತೆಲುಗಿನ 'ಚಾಲು' ಅವನಿಗೆ ಬಹಳ ಹಿಡಿಸಿತ್ತು.

ಕೆಲಸದಲ್ಲಿ ಮಾತ್ರ ಮೊಂಡ. ನಮ್ಮ ಪ್ರೆಸ್ಸಿನಲ್ಲಿ ಸುತ್ತ ಬಳ್ಳಿ, ಮೂಲೆಗೆ ನವಿಲು ಇಲ್ಲದ ಹಾಳೆಯೇ ಹೊರಗೆ ಹೋಗುತ್ತಿರಲಿಲ್ಲ. ನಾನು ಅಚ್ಚುಕಟ್ಟಾಗಿ ಜೋಡಿಸಿದ ಬಳ್ಳಿಯನ್ನು ಅವನು ಒಂದೊಂದಾಗಿ ಕಿತ್ತು ಪಕ್ಕಕ್ಕೆ ಇಡುತ್ತ, "ಚಾಲು ಅಣ್ಣ, ಚಾಲು," ಎನ್ನುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಷ್ಟು ಜಾಗ ಬರಿದೇ ಬಿಟ್ಟರೆ ಕಾಗದ ದಂಡವಲ್ಲವೇ ಎಂದರೆ, ಬಿಟ್ಟ ಜಾಗವೇ ಕಣ್ಣಿಗೆ ದಾರಿ ಎನ್ನುತ್ತಿದ್ದ. ಹಾಳೆ ಸಿದ್ಧವಾದ ಮೇಲೆ ನಮ್ಮಂಥ ಓದಿದವರಿಗೆ ತೋರಿಸುತ್ತಿರಲಿಲ್ಲ. ಪ್ರೆಸ್ಸಿನ ಕಸ ಗುಡಿಸುವ ಹೆಂಗಸನ್ನು ಕರೆದು ಅವಳ ಮುಂದೆ ಹಾಳೆ ಹಾಸಿ ಸುಮ್ಮನೆ ಕೂರುತ್ತಿದ್ದ. ಅವಳ ಬೆರಳು ಮೊದಲು ಎಲ್ಲಿಗೆ ಹೋಗುತ್ತದೆ, ಎಲ್ಲಿ ತಡವರಿಸುತ್ತದೆ ಎಂದು ನೋಡಿ, ತಡವರಿಸಿದ ಜಾಗವನ್ನು ಮತ್ತೆ ಬರೆಯುತ್ತಿದ್ದ. ಈಗ ನನ್ನ ಮೊಮ್ಮಗಳು ಇದೇ ಊರಲ್ಲಿ ಕೂತು ಅಂಗಡಿಯವರಿಗೆ ವೆಬ್ ಪುಟ ಮಾಡಿಕೊಡುತ್ತಾಳೆ. ಮೊದಲು ಮೊಬೈಲನ್ನು ನನ್ನ ಕೈಗೆ ಕೊಟ್ಟು, ಎಲ್ಲಿ ಒತ್ತುತ್ತೀ ನೋಡೋಣ ತಾತ ಎನ್ನುತ್ತಾಳೆ. ಇದನ್ನೆಲ್ಲ ನಾನು ಆಗಲೇ ಕಂಡಿದ್ದೇನೆ ಎಂದರೆ ಅವಳು ನಂಬುವುದಿಲ್ಲ.

ಹಾಗೆ ಮಾಡಿದ ಹಾಳೆಗಳಲ್ಲಿ ಒಂದು ಭತ್ತದ ಹುಳುವಿಗೆ ಔಷಧಿ ಹೊಡೆಯುವುದರ ಬಗ್ಗೆ ಇತ್ತು. ಆ ಔಷಧಿಯನ್ನು ರೈತರು ಎಣ್ಣೆ ಎನ್ನುತ್ತಿದ್ದರು. ಎಣ್ಣೆ ಎಂದರೂ ಅದು ವಿಷವೇ. ಹಾಳೆಯಲ್ಲಿ ಆರು ಚಿತ್ರ. ನಾಲ್ಕನೆಯದರಲ್ಲಿ ರೈತ ಔಷಧಿಯನ್ನು ನೀರಿಗೆ ಹಾಕಿ ಕಲಸುತ್ತಾನೆ. ಅದಕ್ಕೆ ಚಿತ್ರದಪ್ಪ ಗೆರೆ ಹಾಕಿದ ಗಾಜಿನ ಪಾತ್ರೆ ಬರೆದಿದ್ದ. ನೋಡಿ ನನಗೆ ನಗು ಬಂತು. ತಿಂಗಳುಗಟ್ಟಲೆ ಅವನ ಹತ್ತಿರ ಪಾಠ ಹೇಳಿಸಿಕೊಂಡವನಿಗೆ ಒಂದಾದರೂ ತಪ್ಪು ಸಿಕ್ಕಿತಲ್ಲ!

"ಇಂಥಾದ್ದು ನಮ್ಮ ರೈತರ ಹತ್ರ ಎಲ್ಲಿಂದ ಬರಬೇಕಪ್ಪಾ? ತಂಬಿಗಿ ಬರಿ. ತಂಬಿಗಿ ಇಲ್ಲದ ಮನಿ ಇಲ್ಲ," ಎಂದೆ.

ಅವನು ನನ್ನ ಮುಖ ನೋಡಿ ಹುಬ್ಬು ಹಾರಿಸಿದ. ಹಳೆಯದನ್ನು ಬಿಟ್ಟು, ಅಚ್ಚಿನ ಮರದ ಹಲಗೆಯಲ್ಲಿ ಹೊಸ ಚಿತ್ರ ಕೆತ್ತಿದ. ಕಸ ಗುಡಿಸುವ ಹೆಂಗಸು ಆ ವಾರ ತಂಗಿಯ ಬಾಣಂತನಕ್ಕೆಂದು ಮೋಕ ಎಂಬ ಹಳ್ಳಿಗೆ ಹೋಗಿದ್ದಳು. ಕಚೇರಿಯವರು ಬೆನ್ನು ಬಿದ್ದಿದ್ದರು. ಅದೊಂದು ಹಾಳೆಯನ್ನು ಯಾರಿಗೂ ತೋರಿಸದೆ ಅಚ್ಚು ಹಾಕಿದೆವು. ತಂಬಿಗೆ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ನಾನೇ ಎರಡು ಸಲ ಮುಟ್ಟಿ ನೋಡಿದ್ದೆ. ಕಟ್ಟುಗಳು ಕುರುಗೋಡಿಗೂ ಸಿರುಗುಪ್ಪಕ್ಕೂ ಬಸ್ಸಿನಲ್ಲಿ ಹೋದವು.

ನಾಲ್ಕು ದಿನವಾಗಿತ್ತು. ಮಸಿ ಹತ್ತಿ ಕೆಟ್ಟ ಒಂದು ಹಾಳೆಯನ್ನು ಅಡುಗೆಮನೆಯ ಗೂಡಿಗೆ ಹಾಸಲೆಂದು ಮನೆಗೆ ತಂದಿದ್ದೆ. ನನ್ನ ಹೆಂಡತಿಗೆ ಅಕ್ಷರ ಅಷ್ಟಕ್ಕಷ್ಟೇ. ಹಾಳೆಯನ್ನು ಹಾಸುತ್ತ ಹಾಸುತ್ತ ನಿಂತುಬಿಟ್ಟಳು.

"ಏನ್ರೀ ಇದು, ಎಣ್ಣೀನ ತಂಬಿಗ್ಯಾಗ ಕಲಸಾಕ ಹತ್ಯಾನ? ಆಮ್ಯಾಲ ಅದ್ರಾಗ ನೀರು ಕುಡಿತಾನೇನು?"

ಹಾಳೆಯನ್ನು ಅವಳ ಕೈಯಿಂದ ಕಿತ್ತುಕೊಂಡೆ. ಗದ್ದೆಗೆ ಹೋಗುವವನ ಕೈಯಲ್ಲಿ ಇರುವುದು ಒಂದೇ ತಂಬಿಗೆ. ಬಾಯಿಗೆ ತಾಗಿಸದೆ ಎತ್ತಿ ಕುಡಿಯುವ ಜನ ನಾವು, ಒಂದೇ ತಂಬಿಗೆ ಹತ್ತು ಜನರ ಕೈ ದಾಟುತ್ತದೆ. ಎಂಜಲಿಗೆ ಅಷ್ಟು ಹೆದರುವವರಿಗೆ ವಿಷ ನೆನಪಾಗಲಿಲ್ಲವಲ್ಲ! ತೊಟ್ಟಿಲಲ್ಲಿದ್ದ ನನ್ನ ಮಗುವಿನ ಪಕ್ಕದಲ್ಲೂ ಒಂದು ತಂಬಿಗೆ ನೀರು ಇತ್ತು. ಅದನ್ನು ನೋಡಿದ ಮೇಲೆ ನನಗೆ ನಿಲ್ಲಲಾಗಲಿಲ್ಲ.

ಚಿತ್ರದಪ್ಪನ ಕೋಣೆಗೆ ಓಡಿದೆ. ಅವನು ಹಾಳೆಯನ್ನು ಒಂದು ಗಳಿಗೆ ನೋಡಿ ಚಪ್ಪಲಿ ಮೆಟ್ಟಿಕೊಂಡ. ಕುರುಗೋಡಿನ ಬಸ್ಸು ಹಿಡಿದೆವು. ಅಲ್ಲಿ ಕಟ್ಟು ಇನ್ನೂ ಬಿಚ್ಚಿರಲಿಲ್ಲ, ಹಂಚಬೇಕಾದವರು ರಜೆಯಲ್ಲಿದ್ದರು. ಸರಕಾರಿ ಆಲಸ್ಯಕ್ಕೆ ನಾನು ಜೀವನದಲ್ಲಿ ಕೈಮುಗಿದದ್ದು ಅದೊಂದೇ ಸಲ. ಅಲ್ಲಿಂದ ಸಿರುಗುಪ್ಪಕ್ಕೆ ಹೋದರೆ ಅಲ್ಲಿಯೂ ಹೆಚ್ಚುಕಡಿಮೆ ಎಲ್ಲ ಹಾಳೆಗಳು ಕಚೇರಿಯಲ್ಲೇ ಸಿಕ್ಕವು. ಒಂದು ಸುರುಳಿ ಮಾತ್ರ ರಾರಾವಿ ಎಂಬ ಹಳ್ಳಿಗೆ ಹೋಗಿತ್ತು.

ರಾರಾವಿಯಲ್ಲಿ ಚಹಾದಂಗಡಿಯ ಗೋಡೆಗೆ ಅಂಟಿಸಿದ್ದರು. ಅಲ್ಲಿದ್ದವರು ಖುಷಿಯಿಂದ ಹೇಳಿದರು, ಆ ಕೊನೆಯ ಮನೆಯ ರೈತ ನಿನ್ನೆಯೇ ಚಿತ್ರದಲ್ಲಿದ್ದ ಹಾಗೆ ಎಣ್ಣೆ ಹೊಡೆದನಂತೆ. ಆ ಮನೆಯವರೆಗೆ ಹೇಗೆ ನಡೆದೆವೋ ನೆನಪಿಲ್ಲ... ಮನೆಯ ಮುಂದೆ ಎರಡು ಮಕ್ಕಳು ಆಡುತ್ತಿದ್ದವು. ಅವು ಓಡಾಡುವುದನ್ನು ಕಂಡು ಅರ್ಧ ಜೀವ ಬಂತು. ರೈತ ಗದ್ದೆಗೆ ಹೋಗಿದ್ದ. ಅವನ ತಾಯಿ, ಮುದುಕಿ, ಬೇವಿನ ಮರದ ಕೆಳಗೆ ಕೂತಿದ್ದಳು. "ಬಿಸಲಾಗ ಬಂದೀರಿ, ಕುಂದರ್ರಿ," ಎಂದು ಒಳಗೆ ಹೋಗಿ ನೀರು ತಂದಳು. ತಂಬಿಗೆಯಲ್ಲಿ.

ನಾವಿಬ್ಬರೂ ಆ ತಂಬಿಗೆಯನ್ನೇ ನೋಡುತ್ತ ನಿಂತೆವು. ಕೈ ಚಾಚಲು ಆಗಲಿಲ್ಲ. ಬಾಯಿ ತಡವರಿಸಿ, ಗೋಡೆಯ ಹಾಳೆ, ಎಣ್ಣೆ, ತಂಬಿಗೆ ಎಂದು ಏನೇನೋ ಹೇಳಿದೆ. ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

"ಆ ತಂಬಿಗಿ ಅಲ್ಲೈತಿ ನೋಡ್ರಿ," ಎಂದು ಬೇಲಿಯ ಕಡೆ ಕೈ ಮಾಡಿದಳು. ಜಾಲಿ ಗೂಟಕ್ಕೆ ಬೋರಲಾಗಿ ತೂಗುಹಾಕಿದ್ದ ಹಿತ್ತಾಳೆ ತಂಬಿಗೆ. ತಳದಲ್ಲಿ ತೂತು. "ತೊಳದ್ರ ಹೋಗ್ತೈತಿ ಅಂದ ನನ ಮಗ. ಎಣ್ಣಿ ಕಲಸಿದ್ದು ಅವಗ ಗೊತ್ತು, ಮಕ್ಕಳಿಗೇನು ಗೊತ್ತು? ಮೊಳಿ ಇಟ್ಟು ಕಲ್ಲಿಲೆ ಹೊಡದೆ. ತೂತಿನ ತಂಬಿಗ್ಯಾಗ ಯಾರು ನೀರು ಕುಡಿತಾರ್ರಿ? ತವರುಮನಿದು ಅದು. ಹೋಗ್ಲಿ."

ಹೋದ ಜೀವ ಬಂದಂತಾಯಿತು. ನಾನು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟೆ. ಚಿತ್ರದಪ್ಪ ಮುದುಕಿಯ ಕೈಯಿಂದ ತಂಬಿಗೆ ಇಸಿದುಕೊಂಡು, ನಮ್ಮಂತೆ ಎತ್ತಿ ಕುಡಿಯಲು ಹೋಗಿ ಅರ್ಧ ನೀರನ್ನು ಅಂಗಿಯ ಮೇಲೆ ಸುರಿದುಕೊಂಡ. ಒಂದು ಕಡೆ ನಗುತ್ತಿದ್ದ, ಇನ್ನೊಂದು ಕಡೆ ಕಣ್ಣೀರು ಸುರಿಯುತ್ತಿತ್ತು. ಆಮೇಲೆ ಜೋಳಿಗೆಯಿಂದ ಕಾಗದ ತೆಗೆದು, ಮೊಳೆ ಹೇಗೆ ಹಿಡಿದೆ ತೋರಿಸು ಎಂದು ಮುದುಕಿಯನ್ನು ಕೇಳಿಕೊಂಡ.

ಹೊಸ ಹಾಳೆಯಲ್ಲಿ ತಂಬಿಗೆ ಇರಲಿಲ್ಲ. ಹಳೇ ಡಬ್ಬಿಯಲ್ಲಿ ಔಷಧಿ ಕಲಸುವ ರೈತನಿದ್ದ. ಕೊನೆಯ ಚಿತ್ರದಲ್ಲಿ ಎರಡು ಮುದಿ ಕೈಗಳು ಆ ಡಬ್ಬಿಯ ತಳಕ್ಕೆ ಮೊಳೆ ಹೊಡೆಯುತ್ತಿದ್ದವು. ಅದರ ಕೆಳಗೆ ಜೋಡಿಸಲೆಂದು ನಾನು ಒಂದು ಸಾಲು ಬರೆದುಕೊಂಡು ಹೋದೆ. ಚಿತ್ರದಪ್ಪ ಅದನ್ನು ಓದಿಸಿ ಕೇಳಿ, ಪಕ್ಕಕ್ಕೆ ಇಟ್ಟು, "ಚಾಲು ಅಣ್ಣ," ಎಂದ. ಕಸ ಗುಡಿಸುವ ಹೆಂಗಸಿಗೆ ತೋರಿಸಿದಾಗ ಅವಳ ಬೆರಳು ಎಲ್ಲಿಯೂ ತಡವರಿಸಲಿಲ್ಲ.

ಕಚೇರಿಯಲ್ಲಿ ವಿಚಾರಣೆಯಾಯಿತು. ತಂಬಿಗೆ ಬರೆಯುವ ಬುದ್ಧಿ ಯಾರದು ಎಂದು ಸಾಹೇಬರು ಕೇಳಿದರು. ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಕೆಲಸ ಹೋದರೆ ಮಗುವಿನ ಗತಿ ಏನು ಎಂಬುದೊಂದೇ ತಲೆಯಲ್ಲಿತ್ತು. ಚಿತ್ರ ನನ್ನದು, ತಪ್ಪೂ ನನ್ನದು ಎಂದ ಅವನು. ನಾನು ಬಾಯಿ ಬಿಡಲಿಲ್ಲ. ಇನ್ನೊಂದು ವರ್ಷ ಇರಬೇಕಾಗಿದ್ದವನನ್ನು ತಿಂಗಳೊಳಗೆ ವಾಪಸು ಕಳಿಸಿದರು. ರೈಲ್ವೆ ಸ್ಟೇಷನ್ನಿನಲ್ಲಿ ಧೈರ್ಯ ಮಾಡಿ, "ಬರಿ ಅಂದವ ನಾನು, ನೀ ಯಾಕ ಹೊತ್ಕೊಂಡಿ?" ಎಂದೆ. ಅವನು ನನ್ನ ಭುಜ ಹಿಡಿದು "ಚಾಲು" ಎಂದ. ರೈಲು ಹೊರಟಿತು.

ಕೆಲವು ವರ್ಷ ಅವನ ಕಾಗದಗಳು ಬರುತ್ತಿದ್ದವು. ಆಮೇಲೆ ನಿಂತವು. ಎಂಬತ್ತರ ದಶಕದಲ್ಲಿ ಅವನ ತಂಗಿಯಿಂದ ಒಂದು ಕಾಗದ ಬಂತು, ಅಣ್ಣ ಜ್ವರದಿಂದ ತೀರಿಕೊಂಡ ಎಂದು. ಕೆಲಸ ಕಲಿಯಲು ಬಂದ ಹೊಸಬರಿಗೆಲ್ಲ ಅವನು, ಇಂಡಿಯಾದಲ್ಲಿ ತಾನು ಮಾಡಿದ ಒಂದು ತಪ್ಪಿನ ಕಥೆ ಹೇಳುತ್ತಿದ್ದನಂತೆ. ತನ್ನ ಊರಿನಲ್ಲೂ, ನಾನಿಲ್ಲದ ಕಡೆಯೂ, ಅದು ಅವನದೇ ತಪ್ಪಾಗಿತ್ತು. ಆ ಕಾಗದವನ್ನು ನಾನು ಮನೆಯಲ್ಲಿ ಪೂರ್ತಿ ಓದಿ ಹೇಳಲಿಲ್ಲ...

ಹೋದ ವಾರ ತೂತು ತಂಬಿಗೆ ಹಿಡಿದು ಮನೆಗೆ ಬಂದೆ. ಹೆಂಡತಿಯ ಮುಂದೆ ಇಟ್ಟೆ. ಅವಳಿಗೆ ಯಾವ ಕಥೆಯನ್ನೂ ಜ್ಞಾಪಿಸಬೇಕಾಗಲಿಲ್ಲ. "ಪಾಪ, ಚಿತ್ರದಪ್ಪ," ಎಂದಳು. ಆಗ ಹೇಳಿದೆ, ತಂಬಿಗೆ ಬರಿ ಎಂದವನು ನಾನೇ ಎಂದು. ಐವತ್ತು ವರ್ಷಕ್ಕೂ ಮಿಕ್ಕಿ ಗಂಟಲಲ್ಲಿ ಇಟ್ಟುಕೊಂಡಿದ್ದು ಎರಡೇ ಮಾತಿನಲ್ಲಿ ಮುಗಿದುಹೋಯಿತು.

ಅವಳು ತಂಬಿಗೆಯನ್ನು ಬೆಳಕಿಗೆ ಹಿಡಿದು ತೂತು ನೋಡುತ್ತಿದ್ದಳು.

"ಗೊತ್ತೈತಿ ನಂಗ," ಎಂದಳು. "ಆ ದೇಶದವಗ ತಂಬಿಗಿ ಎಲ್ಲಿಂದ ಹೊಳೀಬೇಕ್ರಿ?"

ಅಷ್ಟೂ ವರ್ಷ ಗೊತ್ತಿತ್ತು ಅವಳಿಗೆ. ನಾನೊಬ್ಬನೇ ಹೊತ್ತಿದ್ದೇನೆ ಎಂದುಕೊಂಡಿದ್ದೆ. ಎದೆ ಹಗುರಾಗಿ, ಈ ವಯಸ್ಸಿನಲ್ಲಿ ನಾಚಿಕೆ ಬಿಟ್ಟು ಅತ್ತೆ. ಅವನೂ ಇದನ್ನು ಕೇಳಿಸಿಕೊಳ್ಳಬೇಕಿತ್ತು. ಅವನಿಲ್ಲ.

ನಾನು ಅಳು ಮುಗಿಸುವುದರೊಳಗೆ ಅವಳು ತಂಬಿಗೆಗೆ ಮಣ್ಣು ತುಂಬಿ, ಒಂದು ತುಳಸಿ ಸಸಿ ನೆಟ್ಟು ಕಿಟಕಿಯಲ್ಲಿ ಇಟ್ಟಿದ್ದಳು. "ತೂತಿದ್ದದ್ದು ಚಲೋ ಆತು, ನೀರು ನಿಂದ್ರಂಗಿಲ್ಲ," ಎಂದು ಕೈ ತೊಳೆಯಲು ಒಳಗೆ ಹೋದಳು.