ಅಂಗೈಯಲ್ಲಿ ಬೆಳ್ಳಗಾದ ಕಬ್ಬಿಣ

“ಕನ್ನಡ ಬತ್ತದಾ ನಿಮ್ಗೆ?” ಎಂದು ಮನೆಯೊಡತಿ ಮಹದೇವಮ್ಮ ಕೇಳಿದರು. ಅಷ್ಟು ಹೊತ್ತಿಗೆ ನಾನು ಅವರೊಂದಿಗೆ ಐದು ನಿಮಿಷ ಕನ್ನಡವನ್ನೇ ಮಾತಾಡಿದ್ದೆ. “ಖೋಲಿ ಖಾಲಿ ಅದ ಏನ್ರೀ?” ಎಂಬ ಕಲಬುರಗಿಯ ನನ್ನ ಮಾತು ಮೈಸೂರಿನ ಅಶೋಕಪುರಂನ ಆ ಮನೆ ಬಾಗಿಲಲ್ಲಿ ಪರರಾಜ್ಯದ ಭಾಷೆಯಂತೆ ಕೇಳಿಸಿತ್ತು. ನಾನು ಬಂದದ್ದು ರಸಾಯನಶಾಸ್ತ್ರದ ಸಂಶೋಧನೆಗೆ. ಮೊದಲು ಕಲಿಯಬೇಕಾದದ್ದು ನನ್ನದೇ ಭಾಷೆಯಾಯಿತು.

ಖೋಲಿ ಇಲ್ಲಿ ರೂಮಾಯಿತು. ‘ಬಿಡು’ ಎನ್ನುವುದು ‘ಬುಡು’ ಆಯಿತು. ನಮ್ಮಲ್ಲಿ ಬಿಸಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ, ಹಾಕಿಕೊಂಡು ಅಗಿದು ತಿಂದರೆ ಊಟ. ಇಲ್ಲಿ ಮುದ್ದೆಯನ್ನು ಅಗಿಯತೊಡಗಿದ ನನ್ನನ್ನು ನೋಡಿ ಮಹದೇವಮ್ಮ, “ಅಗೀಬ್ಯಾಡ ಕಣವ್ವ, ಸಾರಲ್ಲಿ ಅದ್ದಿ ನುಂಗ್ಬುಡು” ಎಂದು ನಕ್ಕರು. ಅವರ ಗಂಡ ತೀರಿಕೊಂಡಿದ್ದರು. ನಡುಮನೆಯಲ್ಲಿ ಬುದ್ಧನ ಪಟ, ಅದರ ಪಕ್ಕದಲ್ಲೇ ಮಗಳ ಪದವಿಯ ಫೋಟೋ. ಓದುವ ಹುಡುಗಿಯರಿಗೆ ಮಾತ್ರ ಮಹಡಿಯ ರೂಮು ಕೊಡುವುದೆಂದು ಹಟ ಹಿಡಿದವರು. ಆದರೂ ಮೊದಲ ವರ್ಷದ ಭಾನುವಾರಗಳು ಕಳೆಯುತ್ತಲೇ ಇರಲಿಲ್ಲ. ನಮ್ಮ ಓಣಿಯಲ್ಲಿ ಹೊಸಬರು ಬಂದರೆ ನಾಲ್ಕು ಮನೆಯವರು ಬಂದು ವಿಚಾರಿಸುತ್ತಾರೆ. ಇಲ್ಲಿಯವರು ಬಹುವಚನದಲ್ಲಿ ಮಾತಾಡಿಸಿ, ದಾರಿ ಬಿಟ್ಟು ಮುಂದೆ ಹೋಗುತ್ತಿದ್ದರು.

ಅಲ್ಲಿ ಏನು ಮಾಡುತ್ತೀ ಎಂದು ಊರಿಗೆ ಬಂದಾಗಲೆಲ್ಲ ಓಣಿಯವರು ಕೇಳುತ್ತಿದ್ದರು. ಈಗ ಹೇಳುತ್ತೇನೆ. ಕಬ್ಬಿಣದ ಒಂದು ಪರಮಾಣುವನ್ನು ಆರು ಕಡೆಯಿಂದ ಹಿಡಿದುಕೊಳ್ಳುವ ಅಣುಗಳಿವೆ, ಅವಕ್ಕೆ ಲಿಗ್ಯಾಂಡ್ ಎನ್ನುತ್ತಾರೆ. ಹಿಡಿತ ಬಿಗಿಯಾದರೆ ಕಬ್ಬಿಣದೊಳಗಿನ ಎಲೆಕ್ಟ್ರಾನುಗಳು ಜೋಡಿಯಾಗುತ್ತವೆ, ಅದು ಅಯಸ್ಕಾಂತದತ್ತ ಎಳೆಯಲ್ಪಡುವುದಿಲ್ಲ. ಹಿಡಿತ ಸಡಿಲವಾದರೆ ನಾಲ್ಕು ಎಲೆಕ್ಟ್ರಾನುಗಳು ಒಂಟಿಯಾಗಿ ನಿಲ್ಲುತ್ತವೆ, ಆಗ ಎಳೆಯಲ್ಪಡುತ್ತದೆ. ಕೆಲವು ಪುಡಿಗಳು ಬಿಸಿಯಾದಾಗ ಮೊದಲ ಸ್ಥಿತಿಯಿಂದ ಎರಡನೆಯದಕ್ಕೆ ದಾಟುತ್ತವೆ. ನೇರಳೆ ಹೋಗಿ ಬೆಳ್ಳಗಾಗುತ್ತವೆ. ಎಷ್ಟು ಬಿಸಿಗೆ ದಾಟಬೇಕೆಂಬುದನ್ನು ಬಹುಮಟ್ಟಿಗೆ ಲಿಗ್ಯಾಂಡೇ ನಿರ್ಧರಿಸುತ್ತದೆ. ನಮ್ಮ ಪ್ರಯೋಗಾಲಯದ ಪುಡಿಗಳಿಗೆಲ್ಲ ಒಲೆಯ ಕಾವು ಬೇಕಿತ್ತು. ನನಗೆ ಬೇಕಾದದ್ದು ಅಂಗೈಯ ಕಾವಿಗೇ ದಾಟುವ ಪುಡಿ.

ಎರಡು ವರ್ಷ ಅದು ಆಗಲಿಲ್ಲ. ಲಿಗ್ಯಾಂಡಿಗೆ ಇಂಗಾಲದ ಸರಪಳಿಯ ಉದ್ದನೆಯ ಬಾಲ ಜೋಡಿಸಿದರೆ ಪುಡಿ ಐಸಿನಲ್ಲಿಟ್ಟರೂ ಬೆಳ್ಳಗೇ ಇರುತ್ತಿತ್ತು. ಗಾಳಿ ತಾಗಿದರೆ ತುಕ್ಕಿನ ಬಣ್ಣಕ್ಕೆ ತಿರುಗಿ ಕೆಡುತ್ತಿತ್ತು. ಕೊನೆಗೆ ನನ್ನ ಮಾರ್ಗದರ್ಶಕರು, “ದಸರಾ ರಜದವರೆಗೆ ನೋಡೋಣ ಕಣಮ್ಮ. ಆಗ್ಲಿಲ್ಲಾಂದ್ರೆ ವಿಷಯ ಬದಲಾಯ್ಸಿ” ಎಂದರು. ಅಂದು ಸಂಜೆ ಮೆಟ್ಟಿಲ ಮೇಲೆ ಕೂತು ಅತ್ತೆ. ಮಹದೇವಮ್ಮ ಕಾಫಿ ತಂದಿಟ್ಟು, “ರಜಕ್ಕೆ ಇನ್ನೂ ದಿನ ಅದೆ ತಾನೆ? ಈಗ್ಲೇ ಯಾಕವ್ವ ಅಳ್ತೀಯ? ಎದ್ದೋಗಿ ಮೊಕ ತೊಳ್ಕೊ” ಎಂದರು.

ರಜಕ್ಕೆ ಮುಂಚೆಯೇ ಬಾಲವನ್ನು ಮೊಟಕುಗೊಳಿಸಿ ಮತ್ತೊಂದು ಲಿಗ್ಯಾಂಡ್ ಮಾಡಿದೆ. ಗಾಳಿ ಸೋಕದಂತೆ ಗಾಜಿನ ಕೊಳವೆಯೊಳಗೆ ಮುಚ್ಚಿದ ಪುಡಿ ಅಚ್ಚ ನೇರಳೆಯಾಗಿತ್ತು. ಕೊಳವೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತೆ. ಕೈ ಬಿಚ್ಚಿದಾಗ ಒಳಗಿದ್ದದ್ದು ಸುಣ್ಣದಂಥ ಬಿಳಿ ಪುಡಿ. ಮೇಜಿನ ಮೇಲಿಟ್ಟೆ, ಮೆಲ್ಲಗೆ ನೇರಳೆ ಮರಳಿತು.

ಸರ್ ನಗಲಿಲ್ಲ. “ಮೊದಲಿಂದ ಇನ್ನೊಂದ್ಸಲ ಮಾಡಿ” ಎಂದರು. ಮೂರು ಸಲ ಮಾಡಿದೆ. ಹೊರಗೆ ಕಳಿಸಿದ ಕಾಂತೀಯ ಅಳತೆಯ ವರದಿ ಬಂದು, ಬಣ್ಣದೊಂದಿಗೆ ಕಾಂತಗುಣವೂ ಬದಲಾಗುತ್ತಿದೆ ಎಂಬುದು ಖಚಿತವಾದ ಮೇಲೆ ಎದ್ದು ನಿಂತರು. “ಇನ್ಮೇಲೆ ಇದನ್ನ ನಿಮ್ಮ ಲಿಗ್ಯಾಂಡ್ ಅಂತಾನೇ ಕರೆಯೋಣ ಕಣಮ್ಮ.” ನಾನು ಹೊರಗೆ ಬಂದು ಮರದ ಕೆಳಗೆ ಒಬ್ಬಳೇ ನಕ್ಕೆ. ಮಹದೇವಮ್ಮನಂತೂ ಬೀದಿಯವರನ್ನೆಲ್ಲ ಕೂಗಿ, “ನಮ್ ಉಡ್ಗಿ ಮಾಡಿರೋದು ನೋಡ್ರವ್ವ” ಎಂದು ನಾನು ತೋರಿಸಲು ತಂದಿದ್ದ ಕೊಳವೆಯನ್ನು ಒಬ್ಬೊಬ್ಬರ ಕೈಗೂ ಕೊಟ್ಟು ಪುಡಿಯನ್ನು ಬೆಳ್ಳಗಾಗಿಸಿದರು.

ಏಪ್ರಿಲ್‌ನಲ್ಲಿ ಸರ್ ಅನುಮತಿ ಕೊಟ್ಟ ಒಂದು ಕೊಳವೆಯನ್ನು ಊರಿಗೆ ತಂದೆ. ಬೇಳೆ ಮಿಲ್ಲಿನಲ್ಲಿ ತೊಗರಿ ಹಸನು ಮಾಡುವ ನನ್ನವ್ವ, ಜೊತೆಯ ಹೆಂಗಸರನ್ನು ಕರೆತಂದು ಕಾದಿದ್ದಳು. ಚೀಲದಿಂದ ತೆಗೆದರೆ ಪುಡಿ ಆಗಲೇ ಬೆಳ್ಳಗಿತ್ತು. ನಮ್ಮೂರ ಬಿಸಿಲನ್ನು ನಾನೇ ಮರೆತಿದ್ದೆ!

“ನೇರಳಿ ಅಂದಿದ್ದಿಯಲ್ಲಾ, ಎಲ್ಲಿ ಅದ?” ಎಂದಳು ಅವ್ವ.

ಕೊಳವೆಯನ್ನು ಮಣ್ಣಿನ ಕೊಡದ ನೀರಿನಲ್ಲಿ ಅದ್ದಿ ಹಿಡಿದೆ. ಹೊರತೆಗೆದಾಗ ನೇರಳೆ ಮರಳಿದ್ದನ್ನು ಕಂಡು ಹೆಂಗಸರೆಲ್ಲ ಹೋ ಎಂದರು. ಅವ್ವ ಅದನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದಳು. “ನನ್ ಮಗಳು ಮಾಡ್ಯಾಳ” ಎಂದು, ಎಲ್ಲರಿಗೂ ಗೊತ್ತಿದ್ದುದನ್ನೇ ಮತ್ತೆ ಹೇಳಿದಳು.

ಹೆಂಗಸರು ಹೋದ ಮೇಲೆ ರೊಟ್ಟಿ ಬಡಿಯುತ್ತ ಸಹಜವಾಗಿ ಕೇಳಿದಳು: “ಮತ್ತ ನಿಮ್ಮೂರಿಗಿ ಯಾವಾಗ ಹೊಂಟಿ?”

ನಮ್ಮೂರು ಇದೇ ಅಲ್ಲೇನವ್ವಾ ಎನ್ನಬೇಕೆಂದುಕೊಂಡೆ. ಬಾಯಿಂದ ಬಂದದ್ದು ರೈಲಿನ ವೇಳೆ.