ಮೋಹನದಾಸರ ಸಿಡುಬಿನ ಮುಖ

ಪುಣೆಯ ಕ್ಯಾಂಪ್ ಬಡಾವಣೆಯ ತಮ್ಮ ಹೋಟೆಲಿನಲ್ಲಿ, ಗಲ್ಲಾಪೆಟ್ಟಿಗೆಯ ಮೇಲೆ ತೂಗುತ್ತಿದ್ದ ಮಾವನ ಫೋಟೊ ಕಂಡರೆ ಲೀಲಾಕ್ಷಿಗೆ ಮೈಯೆಲ್ಲ ಉರಿಯುತ್ತಿತ್ತು. ಮಾವ ಮೋಹನದಾಸರು ತೀರಿಕೊಂಡ ವಾರವೇ ಸ್ಟುಡಿಯೊದವನು ಕಂಪ್ಯೂಟರಿನಲ್ಲಿ ಆ ಮುಖವನ್ನು ಉಜ್ಜಿ ಉಜ್ಜಿ ಬೆಣ್ಣೆಮುದ್ದೆ ಮಾಡಿ ಕೊಟ್ಟಿದ್ದ. ಚಿಕ್ಕಂದಿನಲ್ಲಿ ಸಿಡುಬು ತೋಡಿಟ್ಟ ಗುಳಿಗಳು ಒಂದೂ ಇರಲಿಲ್ಲ. ಬೆಳಗಾದರೆ ಮೈದುನ ಸುಖೇಶ್ ಗಾಜಿನ ಮೇಲೆ ಗಂಧ ಹಚ್ಚಿ, ಹಾರ ಹಾಕಿ, ಊದುಬತ್ತಿ ಬೆಳಗುತ್ತಿದ್ದ. ಎಂಥ ಸಾತ್ವಿಕ ಮನುಷ್ಯ ಎನ್ನುತ್ತಿದ್ದರು ಗಿರಾಕಿಗಳು.

ಸಾತ್ವಿಕವಂತೆ. ಆ ಮುಖದ ಎದುರು ಇಪ್ಪತ್ತು ವರ್ಷ ಕೈಕಟ್ಟಿ ನಿಂತವಳಿಗಲ್ಲವೇ ಗೊತ್ತಿರುವುದು. ಚಟ್ನಿ ನೀರಾದರೆ ಬೈಗುಳ, ನಕ್ಕರೆ ಬೈಗುಳ. ಒಮ್ಮೆ ಗಂಡ ದೇವದಾಸ್ ಬ್ಯಾಂಕಿಗೆ ಹೋಗಿದ್ದಾಗ ಅವಳು ಗಲ್ಲಾದ ಕುರ್ಚಿಯಲ್ಲಿ ಕುಳಿತದ್ದಕ್ಕೆ, ತುಂಬಿದ ಹೋಟೆಲಿನಲ್ಲಿ ಮುದುಕ ಅವಳ ಮಾನ ಹರಾಜು ಹಾಕಿದ್ದ. "ಹೆಂಗಸು ಕೂರುವ ಜಾಗವಾ ಇದು? ಏಳು." ಅವಳು ಮತ್ತೆ ಆ ಕುರ್ಚಿಯ ಹತ್ತಿರ ಸುಳಿಯಲಿಲ್ಲ. ಸಿಟ್ಟೇರಿದಾಗ ಅವನ ಕೆನ್ನೆಯ ಗುಳಿಗಳು ಕಪ್ಪಾಗುತ್ತಿದ್ದವು. ಕಣ್ಣಿಗೆ ಕಣ್ಣು ಕೊಡುವ ಧೈರ್ಯವಿಲ್ಲದೆ ಅವಳು ಆ ಗುಳಿಗಳನ್ನೇ ನೋಡುತ್ತ ನಿಲ್ಲುತ್ತಿದ್ದಳು. ಒಂದೊಂದು ಗುಳಿಯೂ ಅವಳಿಗೆ ಬಾಯಿಪಾಠ.

ಮಾವ ಹೋದ ಮೇಲೆ ಅವಳು ದಿಗಂಬರ ಮಾಸ್ತರರ ಚಿತ್ರಕಲೆ ಕ್ಲಾಸಿಗೆ ಸೇರಿದಳು. ಬಣ್ಣವನ್ನು ಚೂರಿಯಿಂದ ದಪ್ಪಗೆ ಮೆತ್ತುವುದನ್ನು ಅವರು ಕಲಿಸಿದರು. ಬಣ್ಣಕ್ಕೂ ಒಂದು ಮೈ ಇರಬೇಕು, ಪಕ್ಕದಿಂದ ಬೆಳಕು ಬಿದ್ದರೆ ಅದರದೇ ನೆರಳು ಬೀಳಬೇಕು ಎನ್ನುತ್ತಿದ್ದರು. ನೆರಳು ಎಂದೊಡನೆ ಅವಳಿಗೆ ನೆನಪಾದದ್ದು ಆ ಗುಳಿಗಳು. ಎಣ್ಣೆಬಣ್ಣಕ್ಕೆ ಅಮೃತಶಿಲೆಯ ಪುಡಿ ಕಲಸಿ ಮುಖ ಮೆತ್ತಿದಳು, ಚಟ್ನಿ ಬಡಿಸುವ ಚಮಚದ ಹಿಡಿಯಿಂದ ಗುಳಿ ತೋಡಿದಳು. ಪ್ರೀತಿಯಿಂದಲ್ಲ, ಹಲ್ಲು ಕಚ್ಚಿಕೊಂಡು. ಆ ಮುದುಕನನ್ನು ದೇವರು ಮಾಡಿ ಕೂರಿಸಿದವರಿಗೆ ಅವನ ನಿಜವಾದ ಮುಖವನ್ನೇ ಗಲ್ಲಾದ ಮೇಲೆ ತೂಗಿ ತೋರಿಸಬೇಕು, ಅದೊಂದೇ ಅವಳ ಹಟ.

ಮೊದಲ ಪುಣ್ಯತಿಥಿಗೆ ಕೆಲವು ದಿನ ಇರುವಾಗ ಅವಳು ಫೋಟೊ ತೆಗೆದು ಚಿತ್ರ ತೂಗಿದಳು. ಸುಖೇಶನ ಮುಖ ಹುಳ್ಳಗಾಯಿತು.

"ಎಂತ ಅತ್ತಿಗೆ ಇದು? ಅಪ್ಪನ ಮರ್ಯಾದೆ ತೆಗೀಲಿಕ್ಕೆ ಮಾಡಿದ್ದಾ?"

"ಸಿಡುಬಿನ ಕಲೆ ಇತ್ತಲ್ಲ?"

"ಇತ್ತು. ಅದನ್ನು ಊರಿಗೆಲ್ಲ ತೋರಿಸ್ಬೇಕಾ?"

"ಹಾಗಾದ್ರೆ ಆ ಮೈದಾಹಿಟ್ಟಿನ ಮುಖ ಯಾರದ್ದು? ನಿನ್ನ ಅಪ್ಪಂದಾ?"

ದೇವದಾಸ್ ಎಂದಿನಂತೆ ಇಬ್ಬರಿಗೂ "ಇರ್ಲಿ ಬಿಡಿ" ಎಂದು ಹೇಳಿ ಕೈತೊಳೆದುಕೊಂಡ. ಇಷ್ಟು ವರ್ಷ ಅವನು ಮಾಡಿಕೊಂಡು ಬಂದದ್ದೂ ಅದನ್ನೇ.

ಮರುದಿನ ಸುಖೇಶ್ ಅಭ್ಯಾಸಬಲದಿಂದ ಚಿತ್ರದ ಹಣೆಗೇ ಗಂಧ ಹಚ್ಚಿದ. ಗಾಜಾಗಿದ್ದರೆ ಒರೆಸಿದೊಡನೆ ಹೋಗುತ್ತಿದ್ದ ಗಂಧ ಗುಳಿಯೊಳಗೆ ಸೇರಿಕೊಂಡಿತು. ಅದನ್ನು ತೆಗೆಯಲು ಹೋದವನ ಬೆರಳು ಆ ಉಬ್ಬುತಗ್ಗಿಗೆ ತಾಗಿದ್ದೇ ತಡ, ಕಾದ ಕಾವಲಿ ಮುಟ್ಟಿದವನಂತೆ ಕೈ ಹಿಂದೆಗೆದ. ಅಪ್ಪನಿಂದ ಅವನು ತಿಂದ ಏಟುಗಳೂ ಕಡಿಮೆಯಲ್ಲ. ಲೀಲಾಕ್ಷಿ ಅದನ್ನು ನೋಡಿದಳು, ಅವಳು ನೋಡಿದ್ದು ಅವನಿಗೂ ಗೊತ್ತಾಯಿತು.

"ಇದಕ್ಕೆ ಗಾಜು ಹಾಕಿಸ್ಬೇಕು," ಎಂದ.

"ಹಾಕಿಸಿ ನೋಡು. ಬಣ್ಣ ಒಳಗೆ ಇನ್ನೂ ಹಸಿ ಉಂಟು."

ಅವನು ಕೇಳುವ ಪೈಕಿಯಲ್ಲ. ಪುಣ್ಯತಿಥಿಯ ಬೆಳಿಗ್ಗೆ ಅವಳು ಹೋಟೆಲಿಗೆ ಬರುವಷ್ಟರಲ್ಲಿ, ಫ್ರೇಮಿನ ಅಂಗಡಿಯಲ್ಲಿ ಗಾಜು ಬಿಗಿಸಿ ತಂದು ತೂಗಿಯಾಗಿತ್ತು. ಮೇಲೆ ಒಣಗಿದ್ದ ಬಣ್ಣ ಒಳಗೆ ಅರೆಬೆಂದ ಇಡ್ಲಿಯ ಹಾಗೆ ಹಸಿಯಾಗಿತ್ತಲ್ಲ, ಗಾಜಿನ ಒತ್ತಡಕ್ಕೆ ಕೆನ್ನೆ ಚಪ್ಪಟೆಯಾಗಿ ಗುಳಿಗಳು ಮುಚ್ಚಿಹೋಗಿದ್ದವು. ತುಟಿ ಅಗಲವಾಗಿತ್ತು. ಜೀವಮಾನದಲ್ಲಿ ನಗದ ಮುದುಕ ಗಾಜಿನ ಹಿಂದೆ ನಗುತ್ತಿದ್ದ.

"ಈಗ ಚಂದ ಕಾಣ್ತದೆ," ಎಂದು ಸುಖೇಶ್ ನಿರಾಳವಾಗಿ ಗಾಜಿಗೆ ಗಂಧ ಹಚ್ಚಿದ.

"ಒರೆಸ್ಲಿಕ್ಕೂ ಸುಲಭ," ಎಂದ ದೇವದಾಸ್.

ಲೀಲಾಕ್ಷಿ ಸ್ಟೂಲು ಹತ್ತಿ, ಹಾರ ಕಿತ್ತೆಸೆದು, ಚಿತ್ರವನ್ನು ಇಳಿಸಿ ಮೇಜಿನ ಮೇಲೆ ಬೋರಲು ಹಾಕಿದಳು. ಹಿಂಬದಿಯ ಮೊಳೆಗಳನ್ನು ಚೂರಿಯಿಂದ ಮೀಟಿ ತೆಗೆದು, ಕ್ಯಾನ್ವಾಸನ್ನು ಗಾಜಿನಿಂದ ಜಗ್ಗಿದಳು. ಚರ್ರೆಂದು ಸದ್ದಾಯಿತು. ಅರ್ಧ ಬಣ್ಣ ಗಾಜಿಗೇ ಅಂಟಿಕೊಂಡಿತು, ಉಳಿದರ್ಧ ಮುಳ್ಳುಮುಳ್ಳಾಗಿ ಎದ್ದು ನಿಂತಿತು. ಕೆನ್ನೆಯಲ್ಲಿ ಗುಳಿಗಳ ಜಾಗದಲ್ಲಿ ಹೊಂಡಗಳಿದ್ದವು, ಬೈಯಲು ತೆರೆದಂತೆ ಬಾಯಿ ಹರಿದಿತ್ತು. ಅವಳ ಚೂರಿಗೆ ತಿಂಗಳುಗಟ್ಟಲೆ ದಕ್ಕದಿದ್ದ ಸಿಟ್ಟು ಈಗ ಆ ಮುಖಕ್ಕೆ ಬಂದಿತ್ತು.

ಅದನ್ನೇ ಗೋಡೆಗೆ ತೂಗಿ, "ಹಚ್ಚು ಗಂಧ," ಎಂದಳು.

ಸುಖೇಶನ ಬೆರಳು ಹಣೆಯ ಹತ್ತಿರ ಹೋಗಿ ನಿಂತುಬಿಟ್ಟಿತು. ದೇವದಾಸ್ ಅಡುಗೆಮನೆಯ ಕಡೆ ನೋಡಿದ. ಲೀಲಾಕ್ಷಿಗೂ ತಿಳಿಯದೆ ಅವಳ ಕೈಗಳು ಕಟ್ಟಿಕೊಂಡಿದ್ದವು, ಬೈಗುಳಕ್ಕೆ ಕಾಯುತ್ತಿದ್ದ ದಿನಗಳ ಹಾಗೆಯೇ. ಅದು ಅರಿವಾದೊಡನೆ ಮುದುಕನ ಮೇಲೆ ಹೊಸದಾಗಿ ದ್ವೇಷ ಉಕ್ಕಿತು. ಸತ್ತರೂ ಬಿಡದ ಜೀವ. ಕೈ ಬಿಡಿಸಿಕೊಂಡು, ಗಲ್ಲಾದ ಕುರ್ಚಿಯನ್ನು ಎಳೆದು, ಆ ಮುಖಕ್ಕೆ ಬೆನ್ನು ಹಾಕಿ ಕುಳಿತಳು.

"ಅತ್ತಿಗೆ, ಏಳಿ," ಎಂದ ಸುಖೇಶ್. ಸ್ವರ ಅಪ್ಪನದೇ.

"ಎಬ್ಬಿಸ್ಲಿಕ್ಕೆ ನಿನ್ನ ಅಪ್ಪನಿಗೆ ಹೇಳು," ಎಂದವಳು, ಬಾಗಿಲಲ್ಲಿ ಅನುಮಾನಿಸುತ್ತ ನಿಂತಿದ್ದ ಗಿರಾಕಿಯನ್ನು "ಯಾ, ಬಸಾ" ಎಂದು ಮರಾಠಿಯಲ್ಲಿ ಒಳಗೆ ಬಂದು ಕೂರಲು ಕರೆದಳು.