ಅರ್ಧ ಸುತ್ತಿನ ನೀರು

ಮೊನ್ನೆ ಮೊಮ್ಮಗಳು ಒಂದು ಹಳೆಯ ಕೈಗಡಿಯಾರವನ್ನು ತಂದು ನನ್ನ ಅಂಗೈಯಲ್ಲಿಟ್ಟಳು. ಕಡಲಿನಲ್ಲಿ ಮುಳುಗು ಹಾಕುವವರು ಕಟ್ಟಿಕೊಳ್ಳುತ್ತಿದ್ದದ್ದಂತೆ. ಅಂಥ ಅಪರೂಪದವನ್ನು ಹುಡುಕಿ ಹುಡುಕಿ ಕೂಡಿಡುವುದು ಅವಳ ಹುಚ್ಚು, ಇದು ಹನ್ನೊಂದನೆಯದು. ಗಾಜಿನ ಸುತ್ತಲಿನ ಕಪ್ಪು ಬಳೆಯನ್ನು ಅವಳು ಹೆಬ್ಬೆರಳಿನಿಂದ ಮೆಲ್ಲಗೆ ತಿರುಗಿಸಿದಳು. ಹಲ್ಲಿಗೆ ಮರಳು ಸಿಕ್ಕಿದ ಹಾಗೆ ಸಣ್ಣ ಕರಕರ ಸದ್ದಾಯಿತು. 'ಇಂಥವು ನಮ್ಮ ಮನೆಯಲ್ಲಿ ಐದು ಇದ್ದವು' ಎಂದೆ. ಅವಳು ನಂಬಲಿಲ್ಲ, ಆಮೇಲೆ ನಂಬಿದಳು, ಆಮೇಲೆ ಸಂಜೆಯವರೆಗೂ ಎದ್ದು ಹೋಗಲಿಲ್ಲ. ಮುದುಕಿಯ ಮಾತು ಕೇಳಲು ವಯಸ್ಸಿನ ಹುಡುಗಿ ಕಾಲು ಮಡಚಿ ಕೂತರೆ ಅದಕ್ಕಿಂತ ಸಂತೋಷ ಇನ್ನೇನು ಬೇಕು ಹೇಳಿ. ಎಲ್ಲವನ್ನೂ ಹೇಳಿದೆ. ಒಂದನ್ನು ಮಾತ್ರ ಹೇಳಲಾಗಲಿಲ್ಲ, ಅದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೆಯ ಕ್ಲಾಸು, ಅದೂ ತಮಿಳಿನಲ್ಲಿ. ಕನ್ನಡದ ಅಕ್ಷರ ಕಲಿತದ್ದು ಕೊಳ್ಳೇಗಾಲಕ್ಕೆ ಸೊಸೆಯಾಗಿ ಬಂದ ಮೇಲೆ, ಮಕ್ಕಳ ಸ್ಲೇಟಿನ ಪಕ್ಕ ಕೂತು. ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮ ಊರು ತಮಿಳು ಸೀಮೆಯಲ್ಲಿ, ಗೂಡಲೂರಿಗೆ ಇತ್ತ, ಕಂಬಂಗೆ ಅತ್ತ. ಎರಡು ಕಡೆಯೂ ಬೆಟ್ಟ, ನಡುವೆ ಹಸಿರು. ಬೆಳಗ್ಗೆ ಬಾಗಿಲು ತೆರೆದರೆ ಮೊದಲು ಒಳಗೆ ಬರುತ್ತಿದ್ದದ್ದು ಒದ್ದೆ ಬಾಳೆ ಎಲೆಯ ವಾಸನೆ. ಕುಮಳಿ ಘಾಟಿ ಇಳಿದ ಗಾಡಿ ಬೀದಿಯಲ್ಲಿ ಹಾದರೆ ಅದರ ಹಿಂದೆಯೇ ಏಲಕ್ಕಿಯ ವಾಸನೆ. ಮನೆಯೊಳಗೆ ನಮ್ಮ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಆ ಕನ್ನಡವನ್ನು ಈಗ ಆಡಿದರೆ ನನ್ನ ಮಕ್ಕಳೇ ನಗುತ್ತಾರೆ. ನಮ್ಮದು ಕೆಳಮನೆ: ಅಪ್ಪ, ಅವ್ವ, ನಾನು, ಮದುವೆಯಾಗದ ಚಿಕ್ಕಪ್ಪ. ಹಿತ್ತಿಲಿನ ಆಚೆ ಮೇಲ್ಮನೆ: ಅಪ್ಪನ ದೊಡ್ಡಪ್ಪನ ಮಗ, ನನಗೆ ದೊಡ್ಡಪ್ಪ, ಮತ್ತು ದೊಡ್ಡಮ್ಮ. ಎರಡು ಮನೆಗೂ ಒಂದೇ ಬಾವಿ. ಹಿತ್ತಿಲ ಬಾಗಿಲಿಗೆ ಅಗುಳಿಯೇ ಇರಲಿಲ್ಲ. ನಾನು ಯಾವ ಮನೆಯಲ್ಲಿ ಉಂಡೆನೆಂದು ಅವ್ವ ಕೇಳುತ್ತಲೂ ಇರಲಿಲ್ಲ. ಎರಡು ಮನೆಯವರೂ ನನ್ನನ್ನು ಮುದ್ದಿಗೆ 'ಕಣ್ಣು' ಎಂದು ಕರೆಯುತ್ತಿದ್ದರು.

ಚಿಕ್ಕಪ್ಪನಿಗೆ ನೀರಿನ ವಾಚುಗಳ ಹುಚ್ಚು. ಸಿಲೋನಿನ ತೋಟಗಳಿಂದ ಮರಳಿದವರು, ಕೊಚ್ಚಿಯ ಹಡಗಿನಲ್ಲಿ ದುಡಿದು ಬಂದವರು, ಯಾರ ಕೈಯಲ್ಲಿ ಅಂಥದು ಕಂಡರೂ ಅವರ ಬೆನ್ನು ಬಿಡುತ್ತಿರಲಿಲ್ಲ. ಹೊಳೆಯುವ ಚಿನ್ನದ ಬಣ್ಣದವು ಬೇಡ. ಗಾಜು ಗೀರಿರಬೇಕು, ಉಪ್ಪು ತಿಂದಿರಬೇಕು, ಆದರೆ ಓಡಬೇಕು. ಬಿಸ್ಕತ್ತಿನ ಡಬ್ಬಿಯಲ್ಲಿ ಅಕ್ಕಿ ತುಂಬಿ ಅದರೊಳಗೆ ಹೂತಿಡುತ್ತಿದ್ದರು, ತೇವ ಹಿಡಿಯದಿರಲಿ ಎಂದು. ನನ್ನನ್ನು ಕೂರಿಸಿಕೊಂಡು ಒಂದೊಂದಾಗಿ ಅಗೆದು ತೆಗೆದು ಕಿವಿಗಿಡುತ್ತಿದ್ದರು. ಅಕ್ಕಿಯ ಧೂಳು ಕಿವಿಯಲ್ಲೆಲ್ಲ.

ಅವ್ವ ಒಲೆಯ ಮುಂದಿನಿಂದಲೇ ಕುಟುಕುತ್ತಿದ್ದಳು. "ಕಡಲಿಲ್ಲದ ಊರಲ್ಲಿ ಕಡಲ ವಾಚು. ನಾಳೆ ಒಂದು ಕಪ್ಪಲೂ ತಕ್ಕೊಂಡು ಬಾ ತಂಬಿ, ಬಾವೀಲಿ ಬಿಡುವ." ಕಪ್ಪಲು ಎಂದರೆ ಹಡಗು.

"ಕಪ್ಪಲು ಬಂದ್ರೆ ಮೊದಲು ನಿನ್ನನ್ನೇ ಕೂರ್ಸೋದು ಅತ್ತಿಗೆ. ತೂಕ ತಾಳ್ತದಾ ನೋಡುವ," ಎನ್ನುತ್ತಿದ್ದರು ಚಿಕ್ಕಪ್ಪ.

ಐದರಲ್ಲಿ ಒಂದು ಸದಾ ಅವರ ಕೈಯಲ್ಲಿರುತ್ತಿತ್ತು. ಅದಕ್ಕೆ ಕೆಲಸವಿತ್ತು. ಬಾವಿಗೆ ಮೋಟರು ಬಂದ ಮೇಲೆ ಎರಡು ಮನೆಗೂ ನೀರಿನ ಸರದಿ ಮೂರು ಮೂರು ಗಂಟೆ. ಕರೆಂಟು ಯಾವಾಗ ಬರುವುದೋ ಗೊತ್ತಿಲ್ಲ. ಬಂದ ಗಳಿಗೆಯಿಂದಲೇ ಲೆಕ್ಕ. ದೊಡ್ಡಪ್ಪನಿಗೆ ಗಡಿಯಾರ ಓದಲು ಬಾರದು. ಚಿಕ್ಕಪ್ಪ ಒಂದು ದಾರಿ ಕಂಡುಕೊಂಡಿದ್ದರು. ಗಾಜಿನ ಸುತ್ತಲಿನ ಬಳೆಯ ಮೇಲೆ ಒಂದು ಬಿಳಿ ಚುಕ್ಕಿ. ಮೋಟರು ಗುಂಯ್ ಎನ್ನುತ್ತಲೇ ಬಳೆ ತಿರುಗಿಸಿ ಆ ಚುಕ್ಕಿಯನ್ನು ಉದ್ದ ಮುಳ್ಳಿನ ತುದಿಗೆ ತಂದಿಡುವುದು. ಮುಳ್ಳು ಸುತ್ತಿ ಬಂದು ಮೂರು ಸಲ ಚುಕ್ಕಿಯನ್ನು ಮುಟ್ಟಿದರೆ ಒಬ್ಬರ ಸರದಿ ಮುಗಿಯಿತು. ಕಡಲಿನೊಳಗೆ ಉಸಿರು ಎಣಿಸಲೆಂದು ಮಾಡಿದ ಬಳೆ ನಮ್ಮಲ್ಲಿ ಬಾಳೆಗೂ ಮೆಣಸಿನ ಗಿಡಕ್ಕೂ ನೀರು ಅಳೆಯುತ್ತಿತ್ತು. ನೋಡುತ್ತಿದ್ದದ್ದು ಕೆಳಮನೆಯವನೇ ಆದರೂ ಮೇಲ್ಮನೆಯವರು ಒಂದು ದಿನವೂ ಬಗ್ಗಿ ನೋಡಿದವರಲ್ಲ. "ತಂಬಿ ಹೇಳ್ದ" ಅಂದರೆ ಮುಗಿಯಿತು.

ಅರವತ್ತರ ದಶಕದ ಮೊದಲ ವರ್ಷಗಳಿರಬೇಕು. ನನಗೆ ಒಂಬತ್ತು ತುಂಬಿರಲಿಲ್ಲ. ಸುಡುವ ಮಧ್ಯಾಹ್ನ, ಮೇಲ್ಮನೆಯ ಸರದಿ. ಮುಳ್ಳು ಎರಡನೆಯ ಸಲ ಚುಕ್ಕಿಯನ್ನು ದಾಟಿತ್ತು. ಮೋಟರು ಮನೆಯ ಹಿಂದಿನ ಬೇವಿನ ನೆರಳಿನಲ್ಲಿ ಚಿಕ್ಕಪ್ಪ ಒರಗಿದ್ದರು, ಕಣ್ಣು ಹತ್ತಿಹೋಗಿತ್ತು, ಕೈ ನನ್ನ ಮಡಿಲಿನ ಮೇಲೆ ಬಿದ್ದಿತ್ತು. ನನಗೆ ಆ ಬಳೆ ಸಣ್ಣ ಬೀಸುಕಲ್ಲಿನ ಹಾಗೆ ಕಂಡಿತು. ತಿರುಗಿಸಿದೆ, ಕರಕರ ಎಂದಿತು. ರಾಗಿ ಬೀಸಿದೆ, ಜೋಳ ಬೀಸಿದೆ, ಆ ಕಡೆ ಈ ಕಡೆ ತಿರುಗಿಸಿ ಒಂದು ಮದುವೆಗಾಗುವಷ್ಟು ಹಿಟ್ಟು ಮಾಡಿದೆ. ಆಟ ಮುಗಿದಾಗ ಚುಕ್ಕಿಯನ್ನು ಇದ್ದಲ್ಲಿಗೇ ತಂದೆ ಎಂದುಕೊಂಡೆ. ಅದು ಮೊದಲು ಇದ್ದದ್ದು ಎದುರಿನ ದಿಕ್ಕಿನಲ್ಲಿ, ಅರ್ಧ ಸುತ್ತಿನಾಚೆ.

ಎದ್ದ ಚಿಕ್ಕಪ್ಪ ವಾಚು ನೋಡಿಕೊಂಡರು. ಮುಳ್ಳು ಚುಕ್ಕಿಯ ಮೇಲಿತ್ತು, ಅರ್ಧ ಗಂಟೆ ಮೊದಲೇ. "ಮೂರಾತು ಅಣ್ಣೆ," ಎಂದು ಕೂಗಿ ನೀರನ್ನು ನಮ್ಮ ಕಾಲುವೆಗೆ ತಿರುಗಿಸಿದರು.

ದೊಡ್ಡಪ್ಪ ಸನಿಕೆ ಹಿಡಿದು ಬಂದರು. "ಯಾವತ್ತೂ ಕಡೇ ಸಾಲು ನೆನೀತದೆ ತಂಬಿ. ಇವತ್ತು ನಾಲ್ಕು ಸಾಲು ಒಣಗೈತೆ. ನೇರ ಆಗಿಲ್ಲ, ಹೊತ್ತು ಇನ್ನೂ ಐತೆ."

"ವಾಚು ಸುಳ್ಳು ಹೇಳಾದಿಲ್ಲ ಅಣ್ಣೆ. ಸಂದೇಹ ಇದ್ರೆ ಗೂಡಲೂರಿಗೆ ಹೋಗುವ, ಪೋಸ್ಟಾಫೀಸು ಗಡಿಯಾರದ ಪಕ್ಕ ಹಿಡ್ದು ನೋಡುವ." ಚಿಕ್ಕಪ್ಪ ನಗುತ್ತಲೇ ಹೇಳಿದ್ದರು.

ಮಾರನೆಯ ದಿನ ಹೋದರು. ಜೊತೆಗೆ ಅಪ್ಪ, ಊರಿನ ಇಬ್ಬರು ಹಿರಿಯರು. ಅಲ್ಲಿ ನಡೆದದ್ದನ್ನು ಅಪ್ಪ ಅವ್ವನಿಗೆ ಹೇಳುವಾಗ ನಾನು ಕಂಬದ ಹಿಂದೆ ನಿಂತು ಕೇಳಿದೆ. ಎರಡು ಗಡಿಯಾರವೂ ಒಂದೇ ನಿಮಿಷ ತೋರಿಸಿದವಂತೆ. ಚಿಕ್ಕಪ್ಪ ಗೆದ್ದವರ ಹಾಗೆ ಎಲ್ಲರ ಮುಖ ನೋಡಿದರಂತೆ. ದೊಡ್ಡಪ್ಪ ಮೆಲ್ಲಗೆ, "ವಾಚು ಸರಿಯಾಗೇ ಐತೆ ತಂಬಿ. ಅಂದ್ರೆ ಕೈ ತಾನೆ ಸರಿಯಿಲ್ಲ," ಎಂದರಂತೆ. ಅಪ್ಪನೂ ತಮ್ಮನ ಕಡೆ ನಿಲ್ಲಲಿಲ್ಲ. ಒಳ್ಳೆಯ ವಾಚೇ ಚಿಕ್ಕಪ್ಪನನ್ನು ಕಳ್ಳನನ್ನಾಗಿ ಮಾಡಿತು.

ಬಳೆ ತಿರುಗಿಸಿದ್ದು ನಾನೆಂದು ನಾಳೆ ಹೇಳೋಣ ಎಂದುಕೊಂಡೆ. ನಾಳೆ ಎಂಬುದು ದಿನದಿನಕ್ಕೂ ಭಾರವಾಯಿತು. ಎಂಟು ದಿನದಲ್ಲಿ ಹಿತ್ತಿಲ ಬಾಗಿಲಿಗೆ ಇಟ್ಟಿಗೆ ಕಟ್ಟಿದರು. ಚಿಕ್ಕಪ್ಪ ಡಬ್ಬಿಯ ಅಕ್ಕಿಯನ್ನು ಮೊರಕ್ಕೆ ಸುರಿದು, ಐದು ವಾಚನ್ನೂ ಗೂಡಲೂರಿನ ರಿಪೇರಿಯವನಿಗೆ ಕೊಟ್ಟು, ಬದನೆಕಾಯಿಯ ಲಾರಿ ಹತ್ತಿ ಒಡ್ಡನ್‌ಛತ್ರಕ್ಕೆ ಹೋದರು. ಅಲ್ಲಿನ ತರಕಾರಿ ಮಂಡಿಯಲ್ಲಿ ಮೂಟೆ ಹೊಲಿಯುವ ಕೆಲಸ. ಅವ್ವ ಆ ಅಕ್ಕಿಯಿಂದ ಅನ್ನ ಮಾಡಿದಳು. ಕುಟುಕುವುದಕ್ಕೆ ಯಾರೂ ಇಲ್ಲದೆ ಅವಳ ಬಾಯಿ ಸುಮ್ಮನಾಯಿತು. ಸಂಜೆಯ ಹೊತ್ತು ನಾನು ಒಬ್ಬಳೇ ಜಗಲಿಯಲ್ಲಿ ಕೂರುತ್ತಿದ್ದೆ. ಮನೆ ಅಷ್ಟು ದೊಡ್ಡದಿತ್ತೆಂದು ಗೊತ್ತಾದದ್ದೇ ಆಗ.

ಆ ದಶಕ ಮುಗಿಯುವ ಹೊತ್ತಿಗೆ ನಾನು ಕೊಳ್ಳೇಗಾಲದಿಂದ ಚೊಚ್ಚಲ ಬಾಣಂತನಕ್ಕೆ ತವರಿಗೆ ಹೊರಟಿದ್ದೆ. ಅಪ್ಪ ಕರೆಯಲು ಬಂದಿದ್ದರು. ಒಡ್ಡನ್‌ಛತ್ರದಲ್ಲಿ ಬಸ್ಸು ನಿಂತಾಗ ಅಪ್ಪ ಟೀ ಕುಡಿಯಲು ಇಳಿದರು, ನಾನು ಮಂಡಿಯ ಕಡೆ ನಡೆದೆ. ಕೊಳೆತ ಟೊಮೇಟೊ, ಹಸಿ ಗೋಣಿಯ ವಾಸನೆ. ಚಿಕ್ಕಪ್ಪ ಮೂಟೆಯ ಬಾಯಿ ಹೊಲಿಯುತ್ತಿದ್ದರು. ಮಣಿಕಟ್ಟು ಬರಿದು, ತಲೆ ಅರ್ಧ ನರೆತಿತ್ತು. ನಿಂತ ಕಾಲಿನಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ.

ಅವರು ದಬ್ಬಣವನ್ನು ಮೂಟೆಗೆ ಚುಚ್ಚಿ ನಿಲ್ಲಿಸಿದರು. "ಎಷ್ಟು ತಿರುಗ್ಸಿದೆ?"

"ಅರ್ಧ ಸುತ್ತು."

ತಮ್ಮ ಅಂಗೈ ನೋಡಿಕೊಂಡು, "ನಾನೇ ಮಾಡಿದ್ದೇನೋ ಅಂತ ಇದ್ದೆ ಕಣ್ಣು," ಎಂದರು. "ನಿದ್ದೆಗಣ್ಣಲ್ಲಿ ಕೈ ಹೋಯ್ತೇನೋ, ಮನಸ್ಸಲ್ಲಿ ಆಸೆ ಇತ್ತೇನೋ. ಇಷ್ಟು ವರ್ಷ ಈ ಕೈನೇ ನಂಬಲಿಲ್ಲ." ಬೈಯಲಿಲ್ಲ. ಬಸ್ಸಿನವರೆಗೂ ಬಂದರು. "ಮೇಲ್ಮನೇಲಿ ಒಂದು ಮಾತು ಹೇಳ್ಬಿಡು," ಅಷ್ಟೇ.

ಊರು ಮುಟ್ಟಿದ ದಿನವೇ ಹೋದೆ. ದೊಡ್ಡಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ದೊಡ್ಡಮ್ಮ ಹುಣಸೆ ಬೀಜ ಬಿಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡರು.

"ಯಾವ ನೀರು ಕಣ್ಣು?" ಎಂದರು. ನಾಲ್ಕು ಸಾಲು ಬಾಳೆ ಎಂದೆ. "ಬಾಳೇನಾ? ಆ ವರ್ಷ ಗೊನೆ ಎತ್ತಕ್ಕಾಗದಂಗೆ ಬಂದಿತ್ತಲ್ಲ. ನೀನು ಮೊದಲು ಕೂತ್ಕೋ, ಬಸುರಿ ಹಿಂಗೆ ನಿಲ್ಲಬಾರದು." ಅವರಿಗೆ ಜಗಳವಾದದ್ದು ನೆನಪಿತ್ತು, ಯಾತಕ್ಕೆಂಬುದು ಮರೆತುಹೋಗಿತ್ತು. ಈಗ ಅವರಿಗೆ ಬೇರೆ ಬಾವಿ, ಬೇರೆ ಮೋಟರು.

ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಗಂಡನ ಜೊತೆ ಮರಳುವಾಗ, ಅವ್ವ ಬರೆಸಿದ್ದ ಕಾಗದ ಕಂಡು, ಚಿಕ್ಕಪ್ಪ ಒಡ್ಡನ್‌ಛತ್ರದ ಬಸ್ ನಿಲ್ದಾಣದಲ್ಲಿ ಕಾದಿದ್ದರು. ಒಗೆದ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ. ಕಿಟಕಿಯ ಕಂಬಿ ಹಿಡಿದು, "ಹೇಳ್ದೆಯಾ?" ಎಂದು ಕೇಳಿದರು.

"ಹೇಳಿದೆ ಚಿಕ್ಕಪ್ಪ."

"ಏನಂದ್ರು?"

"ದೊಡ್ಡಮ್ಮ ಅತ್ತರು. ದೊಡ್ಡಪ್ಪ ಇದ್ದಿದ್ರೆ ತಾವೇ ಬಂದು ನಿಮ್ಮನ್ನ ಕರ್ಕೊಂಡು ಹೋಗ್ತಿದ್ರು ಅಂದರು."

"ಹಂಗಾ," ಎಂದರು. ಟವೆಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಆ ಕೈಯನ್ನು, ವರ್ಷಗಟ್ಟಲೆ ತಾವೇ ನಂಬದಿದ್ದ ಆ ಕೈಯನ್ನು, ಕಂಬಿಯ ಒಳಗೆ ಚಾಚಿ ಕೂಸಿನ ತಲೆಯ ಮೇಲಿಟ್ಟರು. ಬಸ್ಸು ಚಲಿಸುವವರೆಗೂ ತೆಗೆಯಲಿಲ್ಲ. ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ನಾನು ಆಡಿದ್ದು ಸುಳ್ಳೆಂದು ಹೇಳಬಲ್ಲವರು ದೊಡ್ಡಮ್ಮ ಒಬ್ಬರೇ; ನಾನು ಹಾಗೆ ಆಡಿದ್ದು ಅವರ ಕಿವಿಗೆ ಬೀಳಲೇ ಇಲ್ಲ.